ಡಬ್ಬಿಯಲ್ಲಿದ್ದ ಮದುಮಗಳು

ನಮ್ಮ ರಾಚೆಸ್ಟರಿನಲ್ಲಿ ಫೋಟೋದ ಬಗ್ಗೆ ಮಾತಾಡಲು ಬಾರದವನು ಇನ್ನೂ ಹುಟ್ಟಿಲ್ಲ. ಫೋಟೋ ತೆಗೆಯಲು ಬರುವವರು ಎಷ್ಟು ಮಂದಿ ಎಂದು ಮಾತ್ರ ಕೇಳಬಾರದು, ಅದು ಮರ್ಯಾದಸ್ಥರು ಕೇಳುವ ಪ್ರಶ್ನೆಯಲ್ಲ. ಒಂದು ಕಾಲದಲ್ಲಿ ಅರ್ಧ ಪ್ರಪಂಚಕ್ಕೆ ಫಿಲಂ ಮಾಡಿ ಕಳಿಸಿದ ಊರು ನಮ್ಮದು. ಅಪ್ಪ ಆ ಫಿಲಂ ಕಂಪನಿಯಲ್ಲಿ, ಚಿಕ್ಕಪ್ಪ ಕಂಪನಿಯಲ್ಲಿ, ಚಿಕ್ಕಪ್ಪನ ಮೇಲೆ ಮುನಿಸಿಕೊಂಡು ಹೋದ ಚಿಕ್ಕಮ್ಮನೂ ಕಂಪನಿಯಲ್ಲೇ. ಆದರೆ ಅಲ್ಲಿಯ ಕೆಲಸ ಹೇಗಿತ್ತೆಂದರೆ ಒಬ್ಬೊಬ್ಬನಿಗೆ ಒಂದೊಂದು ಚೂರು. ಒಬ್ಬ ಫಿಲಂಗೆ ಮದ್ದು ಬಳಿದರೆ ಇನ್ನೊಬ್ಬ ಕತ್ತರಿಸಬೇಕು, ಮತ್ತೊಬ್ಬ ಅಂಚಿಗೆ ತೂತು ಹೊಡೆಯಬೇಕು. ನಾನು, ಅಂದರೆ ಕ್ಯಾಸಿಮಿರ್, ಊರವರ ಬಾಯಲ್ಲಿ ಕ್ಯಾಸ್, ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಸೇರಿದ ದಿನ ಡಬ್ಬಿ ಮುಚ್ಚಿದೆ, ನಿವೃತ್ತಿಯ ದಿನವೂ ಡಬ್ಬಿ ಮುಚ್ಚಿ ಮನೆಗೆ ಬಂದೆ. ಹಾಗಿದ್ದರೂ ಪರವೂರಿಗೆ ಹೋದಾಗ ಜನ "ಓ, ಆ ಊರಿನವರಾ" ಎಂದು ನನ್ನ ಕೈಗೇ ಕ್ಯಾಮೆರಾ ಕೊಡುತ್ತಾರೆ. ನಾನೂ ಒಂದು ಕಣ್ಣು ಮುಚ್ಚಿ ಸೂರ್ಯನನ್ನು ನೋಡಿ, ಹೂಂ ಎಂದು ತಲೆದೂಗುತ್ತೇನೆ.

ನನ್ನ ಗೆಳೆಯ ನಾರ್ಬರ್ಟ್ ಷಿಮ್ಕೋ ಮದ್ದು ಬಳಿಯುವ ವಿಭಾಗದವನು. ಮದುವೆಯಾಗದೆ ಅಕ್ಕ ಲೊರೆಟ್ಟಾಳ ಜೊತೆ ಹಡ್ಸನ್ ಅವೆನ್ಯೂ ಪಕ್ಕದ ಮನೆಯಲ್ಲೇ ಬೆಳೆದು, ಅಲ್ಲೇ ಬೋಳಾದ. ತಮ್ಮನ ಅನ್ನ, ಬಟ್ಟೆ, ಬೈಗುಳ ಎಲ್ಲವನ್ನೂ ಅಕ್ಕನೇ ನೋಡಿಕೊಂಡಿದ್ದಳು. ಆ ಲೊರೆಟ್ಟಾ ಎಪ್ಪತ್ತು ದಾಟಿದ ಮೇಲೆ, ಸಾಸೇಜು ಅಂಗಡಿಯ ಗಸ್‌ನನ್ನು ಮದುವೆಯಾಗುತ್ತೇನೆಂದು ಒಂದು ಭಾನುವಾರ ಕಾಫಿ ಬಗ್ಗಿಸುತ್ತಾ ಹೇಳಿದಳು. ನಾರ್ಬರ್ಟ್‌ಗೆ ಆ ಕಾಫಿ ಇನ್ನೂ ಗಂಟಲಲ್ಲೇ ಇದೆ ಎಂದು ನನ್ನ ಅಂದಾಜು.

ಈ ಕಥೆ ಶುರುವಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಶುಕ್ರವಾರದ ಮೀನೂಟದ ದಿನ. ಗಸ್ ತನ್ನ ಫೋನು ತೆಗೆದು ಹೊಸ ಬಿಳಿ ಸಾಸೇಜಿನ ಫೋಟೋ ತೋರಿಸಿದ. ಚೆನ್ನಾಗಿಯೇ ಇತ್ತು. ಸಾಸೇಜಿನ ಮೇಲಿನ ಬೆವರೂ ಕಾಣುತ್ತಿತ್ತು.

"ಮದುವೆ ದಿನಾನೂ ಯಾರಾದ್ರೂ ಹಿಂಗೆ ಫೋನಲ್ಲಿ ತೆಗೆದ್ರಾಯ್ತು. ಖರ್ಚಿಲ್ಲ, ರಗಳೆಯಿಲ್ಲ" ಎಂದ ಗಸ್.

ನಾರ್ಬರ್ಟ್ ಕೈಯಲ್ಲಿದ್ದ ಮೀನನ್ನು ತಟ್ಟೆಗೆ ಇಟ್ಟ. "ಫೋನಿಂದು ಫೋಟೋ ಅಲ್ಲ ಗಸ್, ಲೆಕ್ಕ. ಒಳಗೆ ಕೂತ್ಕೊಂಡು ಸೊನ್ನೆ, ಒಂದು, ಸೊನ್ನೆ, ಒಂದು ಅಂತ ಎಣಿಸುತ್ತೆ. ಸಾಸೇಜಿಗಾದ್ರೆ ಸಾಕು. ಮನುಷ್ಯನ ಮುಖಕ್ಕೆ ಬೆಳ್ಳಿ ಬೇಕು. ಕಪ್ಪು ಬಿಳುಪಿನ ಫಿಲಂನಲ್ಲಿ ಬೆಳ್ಳಿ ಕಣ ಇರುತ್ತೆ, ರವೆ ಚೆಲ್ಲಿದ ಹಾಗೆ. ಒಂದು ಮುಖದ ಮೇಲೆ ಕೂತ ಹಾಗೆ ಇನ್ನೊಂದರ ಮೇಲೆ ಕೂರಲ್ಲ. ವ್ಯಕ್ತಿತ್ವ ಅನ್ನೋದು ಬರೋದೇ ಅಲ್ಲಿಂದ."

"ವ್ಯಕ್ತಿತ್ವ ನನ್ನ ಹತ್ರ ಆಗಲೇ ಇದೆಯಪ್ಪ, ಫೋಟೋ ಬಂದ್ರೆ ಸಾಕು" ಎಂದ ಗಸ್.

ನಮ್ಮ ಮೇಜಿನ ಮೂರನೆಯ ಮುದುಕ ಕಾರ್ಮೈನ್, ಕಂಪನಿಯ ಪರೀಕ್ಷಾ ವಿಭಾಗದವನು. ಪ್ರತಿ ಸುರುಳಿಯ ತುಂಡನ್ನು ಬೆಳಕಿಗೆ ಒಡ್ಡಿ, ತೊಳೆದು, ಭೂತಗನ್ನಡಿಯಲ್ಲಿ ನೋಡಿ, ಇದು ಸರಿಯಿಲ್ಲ ಎನ್ನುವುದು ಅವನ ಕೆಲಸ. ಇಟಲಿಯ ರಕ್ತ, ಅದರ ಮೇಲೆ ಆ ಕೆಲಸ. ಅವನ ಹೆಂಡತಿ ಬಹಳ ತಾಳ್ಮೆಯವಳು.

"ಕಣ ಕಾಣಿಸಿದ್ರೆ ಅದು ದೋಷ ಕಣಯ್ಯ. ಅಂಥ ಸುರುಳಿ ಬಂದ್ರೆ ನಾನು ನೇರ ಕಸಕ್ಕೆ ಹಾಕಿಸ್ತಿದ್ದೆ" ಎಂದ ಕಾರ್ಮೈನ್.

"ಹಾಗಾದ್ರೆ ನಿನ್ನ ಜೀವಮಾನವೆಲ್ಲ ವ್ಯಕ್ತಿತ್ವಾನ ಕಸಕ್ಕೆ ಹಾಕಿದೀಯ" ಎಂದ ನಾರ್ಬರ್ಟ್. "ಅಕ್ಕನ ಮದುವೆ ಫೋಟೋ ನಾನೇ ತೆಗೀತೀನಿ. ಫಿಲಂನಲ್ಲೇ. ಅವತ್ತು ಚರ್ಚೊಳಗೆ ಒಂದು ಫೋನೂ ಕಾಣಬಾರದು."

ಲೊರೆಟ್ಟಾ ಎಲೆಕೋಸಿನ ತಟ್ಟೆಯಿಂದ ತಲೆಯೆತ್ತಿದಳು. "ನನಗೆ ಒಂದು ಫೋಟೋ ಸಾಕು ಕಣೋ ನಾರ್ಬಿ. ಈ ವಯಸ್ಸಲ್ಲಿ ಮದುವೆ ಆದೆ ಅಂತ ಹೇಳಿದ್ರೆ ಯಾರೂ ನಂಬಲ್ಲ, ಗೋಡೆ ಮೇಲೆ ಒಂದು ಸಾಕ್ಷಿ ಇರಲಿ. ಆದ್ರೆ ಆ ಒಂದು ಬೇಕೇ ಬೇಕು, ಹೇಳಿರ್ತೀನಿ."

"ಒಂದಲ್ಲ, ಮೂವತ್ತಾರು" ಎಂದ ತಮ್ಮ, ಎದೆ ತಟ್ಟಿಕೊಂಡು.

ಇಲ್ಲಿ ಓದುಗರಿಗೆ ಒಂದು ಸಣ್ಣ ವಿಷಯ ತಿಳಿಸಬೇಕು. ನಾರ್ಬರ್ಟ್ ಆವರೆಗೆ ಒಂದೇ ಒಂದು ಫೋಟೋ ತೆಗೆದವನಲ್ಲ. ನಿವೃತ್ತಿಯ ದಿನ ಕಂಪನಿಯವರು ಕೊಟ್ಟ ಕ್ಯಾಮೆರಾ ಅವನ ಕಪಾಟಿನಲ್ಲಿ ಕಾಲುಚೀಲಗಳ ಜೊತೆ ನಿವೃತ್ತ ಜೀವನ ನಡೆಸುತ್ತಿತ್ತು. ಆದರೆ ಇದನ್ನು ಮೇಜಿನಲ್ಲಿ ಯಾರೂ ಎತ್ತಲಿಲ್ಲ. ಎತ್ತಿದವನಿಗೆ "ನೀನೆಷ್ಟು ತೆಗೆದಿದ್ದೀಯ" ಎಂಬ ಪ್ರಶ್ನೆ ತಿರುಗಿ ಬರುತ್ತಿತ್ತು.

ಮೇ ತಿಂಗಳಲ್ಲಿ, ಊರೆಲ್ಲ ಲೈಲಾಕ್ ಹೂ ಬಿಟ್ಟಿದ್ದಾಗ, ಮದುವೆಯಾಯಿತು. ಚರ್ಚಿನ ಬಾಗಿಲಲ್ಲಿ ನಾನು ಬುಟ್ಟಿ ಹಿಡಿದು ನಿಂತಿದ್ದೆ. ಬಂದವರೆಲ್ಲ ಫೋನುಗಳನ್ನು ಅದರಲ್ಲಿ ಹಾಕಿ ಒಳಗೆ ಹೋಗಬೇಕು. ಟಾಲಿಡೋದಿಂದ ಬಂದಿದ್ದ ಷಿಮ್ಕೋ ಮನೆತನದ ಒಬ್ಬ ಅತ್ತಿಗೆ "ಇದೇನು ಮದುವೆನೋ ಜೈಲೋ" ಎಂದಳು. ನಾರ್ಬರ್ಟ್ ಕೇಳಿಸದವನಂತೆ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡ.

ಅವತ್ತಿನ ಅವನ ಗತ್ತನ್ನು ನೋಡಬೇಕಿತ್ತು. ಒಂದು ಫೋಟೋ ತೆಗೆಯಲು ಅವನು ಕುಕ್ಕರಗಾಲಲ್ಲಿ ಕೂತು, ಎದ್ದು, ಮತ್ತೆ ಕೂತು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅಂಗೈ ಚಾಚಿ, ಇಡೀ ಸಭೆಯ ಉಸಿರು ಹಿಡಿಸುತ್ತಿದ್ದ. ಪಾದ್ರಿ ಉಂಗುರವನ್ನು ಎರಡೆರಡು ಸಲ ಆಶೀರ್ವದಿಸಿದರು. ಗಸ್ ಬೆವರಿ ಸಾಸೇಜಿನಂತೆ ಹೊಳೆಯುತ್ತಿದ್ದ. ಲೊರೆಟ್ಟಾ ಮಾತ್ರ ಅಷ್ಟು ಆರಾಮಾಗಿ ನಿಂತಿದ್ದಳು, ನನಗೇ ಆಶ್ಚರ್ಯವಾಯಿತು. ಕೊನೆಗೆ ಕಾರು ಹತ್ತುವಾಗ ಇನ್ನೊಂದೇ ಇದೆ ಎಂದು ನಾರ್ಬರ್ಟ್ ಅವರನ್ನು ತಡೆದ. ಲೊರೆಟ್ಟಾ ಬಗ್ಗಿ ತಮ್ಮನಿಗೆ ಏನೋ ಹೇಳಿದಳು. ಅವನು ಕ್ಯಾಮೆರಾದ ಮುಂದೆ ಏನೋ ಕೈಯಾಡಿಸಿದ, ಟಿಕ್ ಎಂದಿತು, ಕಾರು ಹೊರಟಿತು.

"ನಾವು ಹನಿಮೂನ್ ಮುಗಿಸಿ ಸಾವಿರ ದ್ವೀಪದಿಂದ ಬರೋ ಹೊತ್ತಿಗೆ ಫೋಟೋ ತಯಾರಿರಲಿ" ಎಂದು ಲೊರೆಟ್ಟಾ ಕಿಟಕಿಯಿಂದ ಕೂಗಿದಳು.

"ಬೇರೆಯವರ ಕೈಗೆ ಕೊಡಲ್ಲ, ನಾನೇ ತೊಳೀತೀನಿ" ಎಂದು ನಾರ್ಬರ್ಟ್ ಎಲ್ಲರ ಎದುರು ಕೂಗಿದ. ಕೂಗಿದ ಮೇಲೆ ಅವನ ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ಅಕ್ಕ ಹೋದ ದುಃಖ ಎಂದುಕೊಂಡೆ.

ಆಮೇಲೆ ಶುರುವಾಯಿತು ನೆಪ. ಮದ್ದು ಸಿಗಲಿಲ್ಲ. ಮದ್ದು ಸಿಕ್ಕಿತು, ನೀರು ಗಡಸು. ನೀರು ಸರಿ, ಹವಾಮಾನ ಸರಿಯಿಲ್ಲ. ಕೊನೆಗೆ ನಾನೇ ಗದರಿದೆ. ಆಗ ಅವನು, "ಒಬ್ಬನ ಕೈಲಾಗೋ ಕೆಲಸ ಅಲ್ಲ ಕ್ಯಾಸ್. ನೀನೂ ಬಾ, ಕಾರ್ಮೈನನ್ನೂ ಕರ್ಕೊಂಡು ಬಾ" ಎಂದ. ಡಬ್ಬಿ ಮುಚ್ಚುವವನನ್ನು ಫಿಲಂ ತೊಳೆಯಲು ಕರೆಯುತ್ತಾನಲ್ಲ ಎಂದು ನನಗೆ ಹೆಮ್ಮೆಯಾಯಿತು. ಅನುಮಾನ ಬರಬೇಕಾಗಿತ್ತು.

ಮರುದಿನ ಮಧ್ಯಾಹ್ನ ಮೂವರೂ ಅವನ ಬಚ್ಚಲುಮನೆ ಸೇರಿದೆವು. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಹೊಡೆದಿದ್ದ. ಬಾಗಿಲ ಸಂದಿಗೆ ಟವೆಲ್ ತುರುಕಿದ್ದ. ಕಾರ್ಮೈನ್ ಗ್ಯಾರೇಜಿನಿಂದ ಹಳೆಯ ಕಂದು ಬಾಟಲಿಗಳನ್ನೂ ರಬ್ಬರ್ ಕೈಗವಸುಗಳನ್ನೂ ಹೊತ್ತು ತಂದಿದ್ದ, ಮನೆಯೆಲ್ಲ ವಿನೆಗರ್ ವಾಸನೆ. ಇವೆಲ್ಲವನ್ನೂ ಎದುರುಮನೆಯ ಮಿಸೆಸ್ ಪ್ರೆಂಟಿಸ್ ಪರದೆ ಸರಿಸಿ ನೋಡುತ್ತಿದ್ದಳು. ಆಕೆ ಹೊಸಬಳು, ಹೊರಗಿನಿಂದ ಬಂದು ನೆಲೆಸಿದವಳು. ನಮ್ಮೂರಿನವಳಾಗಿದ್ದರೆ ವಾಸನೆ ಬಂದ ಕೂಡಲೇ "ಯಾವ ಫಿಲಂ" ಎಂದು ಕೇಳುತ್ತಿದ್ದಳು.

ಕೆಲಸ ಇಷ್ಟೇ. ಕತ್ತಲಲ್ಲಿ ಸುರುಳಿ ಬಿಚ್ಚಿ, ಒಂದು ಚಕ್ರಕ್ಕೆ ಸುತ್ತಿ, ಉಕ್ಕಿನ ಡಬ್ಬಿಗೆ ಇಳಿಸಿ, ಮುಚ್ಚಳ ಹಾಕಬೇಕು. ಮುಚ್ಚಳ ಬಿದ್ದ ಮೇಲೆ ದೀಪ ಹಾಕಿದರೂ ಚಿಂತೆಯಿಲ್ಲ, ಅದಕ್ಕೆ ಮುಂಚೆ ಒಂದು ಎಳೆ ಬೆಳಕು ಬಿದ್ದರೂ ಫಿಲಂ ಸುಟ್ಟಂತೆ. ದೀಪ ಆರಿಸಿದೆವು. ಆರಿಸಿದ ಕೂಡಲೇ ಮೂವರೂ ಗುನುಗಲು ಶುರುಮಾಡಿದೆವು. ಕಂಪನಿಯ ಕತ್ತಲ ಕೋಣೆಗಳಲ್ಲಿ ಅದು ಪದ್ಧತಿ. ಒಬ್ಬರ ಮೇಲೊಬ್ಬರು ಬೀಳಬಾರದೆಂದು ಪ್ರತಿಯೊಬ್ಬನೂ ತನ್ನ ರಾಗ ಹಾಡಿಕೊಂಡು, ಎರಡೂ ಕೈ ಮುಂದೆ ಚಾಚಿ, ಬಲಬದಿಯಲ್ಲೇ ನಡೆಯಬೇಕು. ಬಚ್ಚಲಿನಲ್ಲಿ ನಡೆಯಲು ಜಾಗವಿರಲಿಲ್ಲ, ಆದರೂ ಬಲಕ್ಕೆ ಸರಿದೆವು. ಕಾರ್ಮೈನನ ಮೊಣಕೈ ನನ್ನ ಪಕ್ಕೆಗೆ ತಾಗಿ ನನ್ನ ರಾಗ ಒಂದು ಗಳಿಗೆ ಏರಿತು. ಹೊರಗಿನಿಂದ ಕೇಳುವವರಿಗೆ ಅದು ಹೇಗೆ ಕೇಳಿಸಿತೋ ನಾನು ಹೇಳಲಾರೆ. ಮಿಸೆಸ್ ಪ್ರೆಂಟಿಸ್ ಪೊಲೀಸರಿಗೆ ಹೇಳಿದ್ದು ಆಮೇಲೆ ತಿಳಿಯಿತು, ಮೂವರು ಮುದುಕರು ಒಳಗೆ ಏನೋ ಬೇಯಿಸುತ್ತಿದ್ದಾರೆ, ಅದಕ್ಕೆ ಮಂತ್ರವನ್ನೂ ಹಾಕುತ್ತಿದ್ದಾರೆ ಎಂದು.

"ಚಕ್ರ ಡಬ್ಬಿಗೆ ಇಳಿಸಿದೆ" ಎಂದ ಕಾರ್ಮೈನ್ ಕತ್ತಲಲ್ಲಿ. "ಮುಚ್ಚಳ ಎಲ್ಲಿ?"

ಆಗಲೇ ಬಚ್ಚಲಿನ ಪಕ್ಕದಲ್ಲೇ ಇದ್ದ ಬೀದಿ ಬಾಗಿಲು ದಬದಬ ಎಂದಿತು.

"ಪೊಲೀಸ್. ಬಾಗಿಲು ತೆಗೀರಿ." ಹೆಣ್ಣಿನ ದನಿ, ಎಳೆಯದು.

"ಈಗ ತೆಗೆಯೋಕಾಗಲ್ಲ, ತೆಗೆದ್ರೆ ಸರಕೆಲ್ಲ ಹಾಳಾಗುತ್ತೆ" ಎಂದ ಕಾರ್ಮೈನ್. ಕಂಪನಿಯಲ್ಲಿ ನಾವು ಫಿಲಂಗೆ ಸರಕೆಂದೇ ಅನ್ನುತ್ತಿದ್ದದ್ದು.

ಹೊರಗಿನ ದನಿ ಗಡಸಾಯಿತು. "ಒಳಗೆ ಯಾರ್ಯಾರಿದೀರಿ?"

"ನಾವು ಮೂವರು" ಎಂದೆ ನಾನು, ಕಾನೂನಿಗೆ ಗೌರವ ಕೊಟ್ಟು.

"ಮತ್ತೆ ನಮ್ಮಕ್ಕ" ಎಂದ ನಾರ್ಬರ್ಟ್.

"ಅಕ್ಕನ್ನ ಮೊದಲು ಹೊರಗೆ ಕಳಿಸಿ."

"ಅವಳು ಬರೋ ಸ್ಥಿತಿಯಲ್ಲಿಲ್ಲ, ಡಬ್ಬಿಯಲ್ಲಿದ್ದಾಳೆ" ಎಂದ ಕಾರ್ಮೈನ್. ಎಲ್ಲವನ್ನೂ ಕರಾರುವಾಕ್ಕಾಗಿ ಹೇಳುವುದು ಅವನ ರೋಗ. "ಇನ್ನೂ ತೊಳೆದಿಲ್ಲ."

ಮುಂದಿನದು ಬಹಳ ಬೇಗ ನಡೆಯಿತು. ಮೊದಲು ಬೀದಿ ಬಾಗಿಲು, ಹಿಂದೆಯೇ ಬಚ್ಚಲ ಬಾಗಿಲು ಚಿಲಕ ಸಮೇತ ಒಳಗೆ ಬಂತು, ಅದರ ಹಿಂದೆ ಸೂರ್ಯನಷ್ಟು ಬೆಳಕಿನ ಬ್ಯಾಟರಿ, ಬ್ಯಾಟರಿಯ ಹಿಂದೆ ಆಫೀಸರ್ ಬ್ರಿಯೋನೆಸ್ ಎಂಬ ಹುಡುಗಿ. ನಾನು ಸ್ನಾನದ ತೊಟ್ಟಿಯೊಳಗೆ ಕೈ ಮೇಲೆತ್ತಿ ನಿಂತಿದ್ದೆ. ಕಾರ್ಮೈನ್ ಕಮೋಡಿನ ಮೇಲೆ ಗೌರವದಿಂದ ಕೂತಿದ್ದ. ನಾರ್ಬರ್ಟ್ ಡಬ್ಬಿಯನ್ನು ಟವೆಲ್ಲಿನಲ್ಲಿ ಬಾಚಿ ಸುತ್ತಿ ಎದೆಗವಚಿಕೊಂಡು, "ಸುಟ್ಟೋಯ್ತು, ಎಲ್ಲಾ ಸುಟ್ಟೋಯ್ತು. ಮೂವತ್ತಾರಕ್ಕೆ ಮೂವತ್ತಾರೂ" ಎಂದು ನೆಲದ ಮೇಲೆ ಕುಸಿದ.

ಅವನು ಅಷ್ಟು ಚೆನ್ನಾಗಿ ಅತ್ತದ್ದನ್ನು ನಾನು ಅವರಮ್ಮ ತೀರಿಕೊಂಡಾಗಲೂ ಕಂಡಿರಲಿಲ್ಲ.

ಸುದ್ದಿ ಹಬ್ಬಲು ಹೊತ್ತೇನು ಬೇಕು. ಬೇರೆ ಊರಲ್ಲಾದರೆ ಪೊಲೀಸರು ಮನೆಯ ಬಾಗಿಲು ಮುರಿದರು ಎಂದು ಜನ ಸಿಟ್ಟಾಗುತ್ತಾರೆ. ನಮ್ಮೂರಲ್ಲಿ ಬಾಗಿಲನ್ನು ಯಾರೂ ಕೇಳಲಿಲ್ಲ. ತೊಳೆಯದ ಫಿಲಂ ಮೇಲೆ ಬೆಳಕು ಬಿಟ್ಟರು ಎಂದು ಊರಿಗೆ ಊರೇ ಎದ್ದು ನಿಂತಿತು. ಸಾವಿನ ಮನೆಗೆ ತರುವಂತೆ ಹೆಂಗಸರು ನಾರ್ಬರ್ಟನ ಮನೆಗೆ ಪಿರೋಗಿ ಕಡುಬು, ಹ್ಯಾಮು, ಮೂರು ಥರದ ಆಲೂಗಡ್ಡೆ ಸಲಾಡು ತಂದರು. ಟೀವಿಯವರು ಬಂದು ಅವನ ಬಾಯಿಗೆ ಮೈಕು ಹಿಡಿದರು. ಅವನು ಕಣ್ಣೊರೆಸಿಕೊಂಡು, "ಫೋನಿನ ಫೋಟೋ ಆಗಿದ್ರೆ ಇನ್ನೊಂದು ಸಿಗ್ತಿತ್ತು. ಫಿಲಂ ಒಂದೇ ಸಲ ಹುಟ್ಟುತ್ತೆ, ಒಂದೇ ಸಲ ಸಾಯುತ್ತೆ" ಎಂದ. ಅದನ್ನು ಕೇಳಿ ಕಂಪನಿಯ ನಿವೃತ್ತರೆಲ್ಲ ಪೊಲೀಸ್ ಠಾಣೆಯ ಮುಂದೆ ಊರುಗೋಲು ಹಿಡಿದು ನಿಂತರು. ನಗರಸಭೆಯ ಸದಸ್ಯೆಯೊಬ್ಬರು ಬಂದು ನಾರ್ಬರ್ಟನಿಂದ ದೂರು ಬರೆಸಿಕೊಂಡು ಹೋದರು. ಅವನು ಬೇಡ ಬೇಡ ಎನ್ನುತ್ತಲೇ ರುಜು ಹಾಕಿದ.

ಟವೆಲ್ಲಿನ ಗಂಟು ಮಾತ್ರ ಅಲಮಾರಿಯ ಮೇಲೆ ಹಾಗೇ ಇತ್ತು. ಒಂದು ಸಲ ಬಿಚ್ಚಿ ನೋಡೋಣ ಎಂದು ಕಾರ್ಮೈನ್ ದಿನಾ ಕೇಳುತ್ತಿದ್ದ. "ಸತ್ತದ್ದನ್ನ ಕೆದಕಬೇಡ, ಲೊರೆಟ್ಟಾ ಬರ್ಲಿ, ಹಿತ್ತಲಲ್ಲಿ ಹೂತುಬಿಡೋಣ" ಎನ್ನುತ್ತಿದ್ದ ನಾರ್ಬರ್ಟ್. ಇಷ್ಟು ಮೃದು ಹೃದಯ ಅವನಿಗೆ ಯಾವಾಗ ಬಂತೋ ಎಂದು ನಾನು ಬೆರಗಾದೆ.

ಲೊರೆಟ್ಟಾ ಮತ್ತು ಗಸ್ ಸಾವಿರ ದ್ವೀಪದಿಂದ ಬಿಸಿಲಿಗೆ ಕೆಂಪಾಗಿ ಬಂದಿಳಿದದ್ದು ಭಾನುವಾರ. ದಾರಿಯಲ್ಲೇ ಯಾರೋ ಎಲ್ಲ ಹೇಳಿದ್ದರು. ಅವಳು ಚೀಲವನ್ನೂ ಇಳಿಸದೆ ಒಳಗೆ ಬಂದು ಕೂತಳು. ಅದೇ ಹೊತ್ತಿಗೆ ಬೀದಿ ಬಾಗಿಲಲ್ಲಿ, ಅಂದರೆ ಬಾಗಿಲಿರಬೇಕಾದ ಜಾಗದಲ್ಲಿ, ಆಫೀಸರ್ ಬ್ರಿಯೋನೆಸ್ ಬಂದು ನಿಂತಳು. ಸಮವಸ್ತ್ರವಿಲ್ಲ, ಹೂವಿನ ಫ್ರಾಕು. ಕೈಯಲ್ಲಿ ಅವರಮ್ಮ ಮಾಡಿಕೊಟ್ಟ ಫ್ಲಾನ್ ಎಂಬ ಹಾಲುಮೊಟ್ಟೆಯ ಸಿಹಿ ತುಂಬಿದ ಬೋಗುಣಿ.

"ಕ್ಷಮೆ ಕೇಳೋಣ ಅಂತ ಬಂದೆ ಆಂಟಿ" ಎಂದಳು ಲೊರೆಟ್ಟಾಗೆ. "ಯಾರೋ ಹೆಂಗಸನ್ನ ಕತ್ತರಿಸಿ ಡಬ್ಬಿಗೆ ತುಂಬಿದಾರೆ ಅಂದ್ಕೊಂಡೆ. ನನ್ನ ಜಾಗದಲ್ಲಿ ನೀವಿದ್ರೂ ಹಾಗೇ ಅಂದ್ಕೋತಿದ್ರಿ. ಆದ್ರೂ ನಿಮ್ಮ ಮದುವೆ ಫೋಟೋ ಹಾಳು ಮಾಡಿದೆ, ಅದಕ್ಕೆ ಸಮಾಧಾನ ಏನು ಹೇಳಲಿ. ನಾಳೆ ವಿಚಾರಣೆ ಇದೆ. ನಾನು ಸೇರಿ ಇನ್ನೂ ವರ್ಷ ಆಗಿಲ್ಲ, ಕೆಲಸ ಹೋಗುತ್ತೆ ಅಂತ ಸಾರ್ಜೆಂಟ್ ಹೇಳಿದ್ರು. ಹೋದ್ರೆ ಹೋಗಲಿ, ನಿಮ್ಮ ಫೋಟೋ ಅಂತೂ ಬರಲ್ವಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ನಾರ್ಬರ್ಟ್ ಆಲೂಗಡ್ಡೆ ಸಲಾಡಿನೊಳಗೆ ತಲೆ ಹುದುಗಿಸುವವನಂತೆ ಬಗ್ಗಿದ.

"ಎಲ್ಲಿ ಆ ಡಬ್ಬಿ?" ಎಂದ ಕಾರ್ಮೈನ್, ಎದ್ದು ನಿಂತು. "ಸತ್ತ ಮೇಲೂ ಪೋಸ್ಟ್‌ಮಾರ್ಟಂ ಅಂತ ಒಂದಿರುತ್ತೆ. ಪರೀಕ್ಷೆ ಮಾಡದೆ ಕಸಕ್ಕೆ ಹಾಕಿದ ಸುರುಳಿ ನನ್ನ ಕೈಕೆಳಗೆ ಒಂದೂ ಇಲ್ಲ."

"ಬೇಡ" ಎಂದ ನಾರ್ಬರ್ಟ್.

"ತೊಗೊಂಡು ಬಾ ಕ್ಯಾಸ್" ಎಂದಳು ಲೊರೆಟ್ಟಾ.

ನಾನು ತಂದೆ. ಟವೆಲ್ ಬಿಚ್ಚಿದರೆ ಡಬ್ಬಿಗೆ ಮುಚ್ಚಳ ಗಟ್ಟಿಯಾಗಿ ಹಾಕಿತ್ತು. ಎಲ್ಲರೂ ನನ್ನ ಮುಖ ನೋಡಿದರು. ಸತ್ಯವಾಗಿ ಹೇಳುತ್ತೇನೆ, ಹಾಕಿದ್ದು ನನಗೆ ಗೊತ್ತಿರಲಿಲ್ಲ, ನನ್ನ ಕೈಗೆ ಗೊತ್ತಿತ್ತು. ಕತ್ತಲಲ್ಲಿ ತೆರೆದ ಡಬ್ಬಿ ಬೆರಳಿಗೆ ಸಿಕ್ಕಿದರೆ ಅದು ನನ್ನನ್ನು ಕೇಳಿಕೊಂಡು ಕೂರುವ ಕೈಯಲ್ಲ. ಪೊಲೀಸರು ಬಾಗಿಲು ಬಡಿಯುತ್ತಿದ್ದಾಗ, ಒಳಗೆ ಯಾರು ಎಂಬುದಕ್ಕೆ ನಾನು ಉತ್ತರ ಕೊಡುತ್ತಿದ್ದಾಗ, ಅದು ತನ್ನ ಪಾಡಿಗೆ ತನ್ನ ಕೆಲಸ ಮುಗಿಸಿತ್ತು.

"ಹಾಗಾದ್ರೆ ಬೆಳಕೇ ಬಿದ್ದಿಲ್ಲ" ಎಂದ ಕಾರ್ಮೈನ್. ಅವನ ದನಿಯಲ್ಲಿ ಹಬ್ಬವಿತ್ತು. "ಬಿಸಿನೀರು ಕಾಯಿಸಿ."

ಅವನು ಹಳೆಯ ಮದ್ದನ್ನು ಡಬ್ಬಿಯ ಮೂತಿಯಿಂದ ಹೊಯ್ದು ಕುಲುಕತೊಡಗಿದ. ನಾವೆಲ್ಲ ಹೆರಿಗೆಮನೆಯ ಹೊರಗೆ ಕಾಯುವವರಂತೆ ಬಚ್ಚಲಿನ ಮುಂದೆ ನಿಂತೆವು. ಎದುರುಮನೆಯ ಮಿಸೆಸ್ ಪ್ರೆಂಟಿಸ್ ಕೂಡ, ಸಕ್ಕರೆ ಕೇಳುವ ನೆಪದಲ್ಲಿ ಬಂದವಳು, ನಿಂತೇಬಿಟ್ಟಳು. ಬ್ರಿಯೋನೆಸ್ ಕುತ್ತಿಗೆಯ ಶಿಲುಬೆ ಹಿಡಿದು ಏನೋ ಗೊಣಗುತ್ತಿದ್ದಳು. ಗಸ್ ಹೆಂಡತಿಯ ಕೈ ಹಿಡಿದಿದ್ದ. ನಾರ್ಬರ್ಟ್ ಒಬ್ಬನೇ ಅಡುಗೆಮನೆಯಲ್ಲಿ ಕೂತಿದ್ದ.

ಕಾರ್ಮೈನ್ ಡಬ್ಬಿ ತೆಗೆದು, ಒದ್ದೆ ಫಿಲಂ ಎಳೆದು, ಕಿಟಕಿಗೆ ಹಿಡಿದ. ಎಳೆದ, ಎಳೆದ, ಎಳೆದೇ ಎಳೆದ. ಆಚೆಯ ಲೈಲಾಕ್ ಗಿಡ ಅದರೊಳಗಿಂದ ನಿಚ್ಚಳವಾಗಿ ಕಾಣುತ್ತಿತ್ತು.

"ಬೆಳಕು ಬಿದ್ದಿದ್ರೆ ಇದ್ದಿಲ ಹಾಗೆ ಕಪ್ಪಗಿರಬೇಕಿತ್ತು" ಎಂದ ಅವನು ನಿಧಾನವಾಗಿ. "ಇದು ಗಾಜಿನ ಹಾಗಿದೆ. ಇದಕ್ಕೆ ಪೊಲೀಸ್ ಬ್ಯಾಟರಿನೂ ಬಿದ್ದಿಲ್ಲ, ಚರ್ಚಿನ ದೀಪಾನೂ ಬಿದ್ದಿಲ್ಲ. ಹುಟ್ಟಿದಾಗಿಂದ ಇದು ಬೆಳಕನ್ನೇ ನೋಡಿಲ್ಲ. ನಾರ್ಬರ್ಟ್, ಬಾರಯ್ಯ ಇಲ್ಲಿ."

ಅವನು ಬರುವ ಮೊದಲೇ ಲೊರೆಟ್ಟಾ ನಕ್ಕಳು. ಹೊಟ್ಟೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಕ್ಕಳು.

"ಮುಚ್ಚಳ" ಎಂದಳು. "ಕ್ಯಾಮೆರಾ ಮೂತಿ ಮೇಲಿನ ಮುಚ್ಚಳ. ಮದುವೆ ಪೂರ್ತಿ ಇವನು ತೆಗೆದೇ ಇಲ್ಲ."

ಅದು ಹಳೆಯ ಮಾದರಿಯ ಕ್ಯಾಮೆರಾ. ಕಣ್ಣಿಡುವ ಕಿಂಡಿ ಬೇರೆ, ಗಾಜಿನ ಮೂತಿ ಬೇರೆ. ಮೂತಿ ಮುಚ್ಚಿದ್ದರೂ ಕಿಂಡಿಯಲ್ಲಿ ಲೋಕವೆಲ್ಲ ಚೆನ್ನಾಗಿ ಕಾಣುತ್ತದೆ.

"ನಿನಗೆ ಗೊತ್ತಿತ್ತಾ?" ಎಂದ ಗಸ್.

"ಮೊದಲನೇ ಫೋಟೋಗೇ ಕಂಡಿತು. ಫೋನೆಲ್ಲ ಬುಟ್ಟೀಲಿ, ಇವನ ಕ್ಯಾಮೆರಾಗೆ ಮುಚ್ಚಳ. ಇನ್ನು ನನ್ನನ್ನ ನೋಡೋರು ಯಾರು ಅಂತ ಎಷ್ಟು ಹಾಯಾಗಿ ನಿಂತೆ ಗೊತ್ತಾ ಗಸ್. ಫೋಟೋ ಅಂದ್ರೆ ನನ್ನ ಹಲ್ಲು ನೆನಪಾಗಿ ಬಾಯಿ ಹೊಲಿದ ಹಾಗಾಗುತ್ತೆ. ಅವತ್ತು ಹಾಗಾಗಲಿಲ್ಲ. ಆದ್ರೆ ಒಂದು ಬೇಕಲ್ಲ. ಅದಕ್ಕೇ ಕಾರು ಹತ್ತುವಾಗ ಹೇಳಿದೆ, 'ಲೋ, ಮುಚ್ಚಳ ತೆಗಿಯೋ' ಅಂತ. 'ಈಗಷ್ಟೇ ಹಾಕಿದ್ದೆ ಅಕ್ಕ' ಅಂದ. ಆಗ್ಲಿ ಬಿಡು ಅಂದ್ಕೊಂಡೆ."

ನಾರ್ಬರ್ಟ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದ. ಅವನ ಕಿವಿ ಎರಡೂ ಬೀಟ್‌ರೂಟ್ ಆಗಿದ್ದವು.

"ನಾನು ಅಲ್ಲೇ ಸತ್ತೋದೆ ಅಕ್ಕ" ಎಂದ. "ನಿನಗೆ ಇರೋದೊಂದೇ ಮದುವೆ. ಊರಿನೆದುರು ಎದೆ ತಟ್ಕೊಂಡು ಬೇರೆಯವರ ಫೋನೂ ಕಿತ್ಕೊಂಡಿದ್ದೆ. ಆಮೇಲೆ ಈ ಹುಡುಗಿ ಬಾಗಿಲು ಒದ್ದು ಬಂದಾಗ, ದೇವರೇ ಕಳಿಸಿದ ಅನ್ನಿಸ್ತು. ನಾನೊಂದು ಸಲ ಸುಟ್ಟೋಯ್ತು ಅಂದೆ ಅಷ್ಟೇ. ಮಿಕ್ಕಿದ್ದನ್ನೆಲ್ಲ ಊರೇ ಮಾಡ್ತು."

ಅದೂ ನಿಜ. ಬೆಳಕು ಬಿದ್ದ ಫಿಲಂ ಕಪ್ಪಾಗುತ್ತದೆ ಎಂಬುದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ಠಾಣೆಯ ಮುಂದೆ ಊರುಗೋಲು ಎತ್ತಿದ ಅಷ್ಟೂ ಜನರಲ್ಲಿ ಒಬ್ಬನಾದರೂ "ಎಲ್ಲಿ, ಒಂದು ಸಲ ತೋರಿಸು" ಎನ್ನಲಿಲ್ಲ.

"ನನ್ನ ಕೆಲಸ?" ಎಂದಳು ಬ್ರಿಯೋನೆಸ್, ಸಣ್ಣ ದನಿಯಲ್ಲಿ.

ಲೊರೆಟ್ಟಾಳ ನಗು ನಿಂತಿತು. "ನಾಳೆ ವಿಚಾರಣೆಗೆ ನೀನು ಬರ್ತೀಯ" ಎಂದಳು ತಮ್ಮನಿಗೆ. "ಟೀವೀಲಿ ಅತ್ತಷ್ಟೇ ಚೆನ್ನಾಗಿ ಅಲ್ಲೂ ಹೇಳ್ತೀಯ. ಈ ಮಗು ನಾನು ಸಾಯ್ತಿದೀನಿ ಅಂತ ಬಾಗಿಲು ಒಡೆದು ಬಂದಿದ್ದಾಳೆ ಕಣೋ. ನೀನು ಯಾವತ್ತು ನನಗೋಸ್ಕರ ಬಾಗಿಲು ಒಡೆದಿದೀಯ?"

ನಾರ್ಬರ್ಟ್ ತಲೆ ಆಡಿಸಿದ. ಆಗ ಕಾರ್ಮೈನ್ ಕಿಟಕಿಯ ಹತ್ತಿರದಿಂದಲೇ, "ಸುಮ್ನಿರ್ರಿ ಒಂದು ನಿಮಿಷ. ತುದೀಲಿ ಒಂದಿದೆ" ಎಂದ.

ಆ ಒಂದನ್ನು ಕಾರ್ಮೈನ್ ಅವತ್ತೇ ಸಂಜೆ ತನ್ನ ಗ್ಯಾರೇಜಿನಲ್ಲಿ ಕಾಗದಕ್ಕೆ ಇಳಿಸಿದ. ಮರುದಿನ ಬೆಳಿಗ್ಗೆ ಎಲ್ಲರೂ ಗಸ್‌ನ ಸಾಸೇಜು ವ್ಯಾನಿನಲ್ಲಿ ಠಾಣೆಗೆ ಹೋದೆವು. ಸಾರ್ಜೆಂಟ್ ಟ್ವೋಮಿ ಎಂಬವರು ವಿಚಾರಣೆಗೆ ಕೂತಿದ್ದರು. ನಾರ್ಬರ್ಟ್ ಎದ್ದು, ಕೈಕಟ್ಟಿ, ಮುಚ್ಚಳದಿಂದ ಹಿಡಿದು ಎಲ್ಲ ಹೇಳಿದ. ಹೇಳುವಾಗ ಎರಡು ಸಲ ದನಿ ಹೋಯಿತು. ಈ ಸಲ ಅದು ಟೀವಿಯ ಅಳುವಾಗಿರಲಿಲ್ಲ.

"ಅಂದ್ರೆ ದೂರು ಕೊಟ್ಟವನೇ ಆರೋಪಿ" ಎಂದರು ಸಾರ್ಜೆಂಟ್, ದೂರಿನ ಕಾಗದ ತಿರುವಿ. "ಆರೋಪ ಹೊತ್ತವಳು ಕಾಪಾಡೋಕೆ ಬಂದವಳು. ಹೋಗ್ಲಿ. ಫಿಲಂ ಹಾಳಾಗಿಲ್ಲ ಅನ್ನೋದಕ್ಕೆ ಸಾಕ್ಷಿ?"

ಕಾರ್ಮೈನ್ ಫೋಟೋ ಮೇಜಿನ ಮೇಲಿಟ್ಟ.

ಕಾರಿನ ಬಾಗಿಲಿಗೆ ಆತುಕೊಂಡು ಲೊರೆಟ್ಟಾ ಕ್ಯಾಮೆರಾ ಹಿಡಿದವನನ್ನೇ ನೋಡಿ ನಗುತ್ತಿದ್ದಳು. ಬಾಯಿಗೆ ಕೈ ಅಡ್ಡವಿಲ್ಲ. ಮುಂದಿನ ಎರಡು ಸೊಟ್ಟ ಹಲ್ಲು, ಒಸಡು, ಗಂಟಲಿನವರೆಗೆ ನಗು. ಪಕ್ಕದಲ್ಲಿ ಗಸ್, ಅರ್ಥವಾಗದ ಸಂತೋಷದಲ್ಲಿ. ಮದ್ದು ಹಳೆಯದಾದದ್ದಕ್ಕೋ, ನೀರು ಬಿಸಿಯಾದದ್ದಕ್ಕೋ, ಕಣಗಳು ಮೆಣಸಿನ ಕಾಳಿನಷ್ಟು ದಪ್ಪವಾಗಿ ಬಂದಿದ್ದವು.

"ಇದೇನು ಹಿಂಗೆ ಚುಕ್ಕಿ ಚುಕ್ಕಿ?" ಎಂದರು ಸಾರ್ಜೆಂಟ್.

ನಾರ್ಬರ್ಟನ ಎದೆ ಉಬ್ಬಿತು, ಬಾಯಿ ತೆರೆಯಿತು. ಲೊರೆಟ್ಟಾ ಅವನತ್ತ ಒಂದು ನೋಟ ಹಾಕಿದಳು.

"ದೋಷ ಸರ್" ಎಂದ ನಾರ್ಬರ್ಟ್.

ಕಾರ್ಮೈನ್ ಜೀವನದಲ್ಲಿ ಮೊದಲ ಬಾರಿಗೆ ವಾದದಲ್ಲಿ ಗೆದ್ದವನಂತೆ ಕೂತ. ಆದರೆ ಅವನ ಮುಖದಲ್ಲಿ ಗೆದ್ದ ಖುಷಿ ಕಾಣಲಿಲ್ಲ. ಅವನು ಆ ಫೋಟೋವನ್ನೇ ನೋಡುತ್ತಿದ್ದ. ಗ್ಯಾರೇಜಿನಲ್ಲಿ ಅದು ನೀರಿನಲ್ಲಿ ಮೂಡುವಾಗಲೂ ಹಾಗೇ ನೋಡುತ್ತಾ ನಿಂತಿದ್ದನೆಂದು ಅವನ ಹೆಂಡತಿ ಆಮೇಲೆ ಹೇಳಿದಳು.

ಸಾರ್ಜೆಂಟ್ ಸಾಕ್ಷಿಯನ್ನು ಇಲ್ಲೇ ಬಿಟ್ಟುಹೋಗಿ ಎಂದರು. ಲೊರೆಟ್ಟಾ ಫೋಟೋವನ್ನು ಎದೆಗವಚಿಕೊಂಡು, ಮದುವೆ ಸರ್ಟಿಫಿಕೇಟು ಬೇಕಾದರೆ ಇಟ್ಟುಕೊಳ್ಳಿ, ಇದು ಮನೆಗೆ ಬರುತ್ತದೆ ಎಂದಳು. ಕೊನೆಗೆ ಬ್ರಿಯೋನೆಸ್ ಜೇಬಿನಿಂದ ಫೋನು ತೆಗೆದು, ಫೋಟೋದ ಫೋಟೋ ತೆಗೆದು, ಕಡತಕ್ಕೆ ಕಳಿಸಿದಳು. ದೂರು ವಜಾ ಆಯಿತು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ಅಮ್ಮನಿಗೆ ಫೋನು ಮಾಡಿ ಸ್ಪ್ಯಾನಿಷಿನಲ್ಲಿ ಅತ್ತಳು.

ಅಳು ಮುಗಿದ ಮೇಲೆ ಅವಳು ಆ ಫೋಟೋವನ್ನು ಗಸ್‌ನ ಫೋನಿಗೆ ಕಳಿಸಿದಳು. ಗಸ್ ಟಾಲಿಡೋದ ಅತ್ತಿಗೆಗೆ ಕಳಿಸಿದ. ನನಗೂ ಬಂತು. ನಾವೆಲ್ಲ ಠಾಣೆಯ ಮುಂದೆ ಬಿಸಿಲಲ್ಲಿ ನಿಂತು ಅವರವರ ಅಂಗೈ ನೋಡಿಕೊಳ್ಳುತ್ತಿದ್ದೆವು. ನಾರ್ಬರ್ಟ್ ಸ್ವಲ್ಪ ದೂರದಲ್ಲಿ, ಟೋಪಿ ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. ಲೊರೆಟ್ಟಾ ಗಸ್‌ನ ಜೊತೆ ವ್ಯಾನು ಹತ್ತಿದಳು. ಅವರ ಮನೆ ಈಗ ಅಂಗಡಿಯ ಮೇಲೆ. ವ್ಯಾನು ತಿರುವು ಕಳೆಯುವವರೆಗೆ ಅವನು ನೋಡಿದ. ಆಮೇಲೆ ಬ್ರಿಯೋನೆಸ್‌ಳ ಹತ್ತಿರ ಹೋಗಿ ಕೆಮ್ಮಿದ.

"ನನಗೂ ಒಂದು ಕಳಿಸಮ್ಮ" ಎಂದ, ಯಾರಿಗೂ ಕೇಳಿಸದಂತೆ. ನಮಗೆಲ್ಲ ಕೇಳಿಸಿತು.

ಅವಳು ಕಳಿಸಿದಳು, ಹೇಗೆ ತೆರೆಯುವುದೆಂದೂ ತೋರಿಸಿದಳು. ಅವನು ಎರಡು ಬೆರಳಲ್ಲಿ ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ. ಕಾರ್ಮೈನ್ ಅವನ ಹೆಗಲ ಮೇಲಿಂದ ಬಗ್ಗಿದ.

"ಕಣ ಕಾಣಿಸ್ತಿದೆಯೇನೋ?"

"ಇಲ್ಲ ಕಣೋ" ಎಂದ ನಾರ್ಬರ್ಟ್. "ಅಕ್ಕ ಕಾಣಿಸ್ತಿದ್ದಾಳೆ."